ಈ ವಾರ ಪ್ರಾಕ್ಟೀಸ್ ಇಲ್ಲ

ಗುರುವಾರ ಮಧ್ಯಾಹ್ನ ಗಾಜಿನಂಗಡಿಯಲ್ಲಿ ಕನ್ನಡಿಯೊಂದರ ಅಂಚು ಉಜ್ಜುತ್ತಿದ್ದಾಗ ತಂಗಿಯ ಫೋನು ಬಂತು. "ಅಣ್ಣ, ಈ ವಾರ ಪ್ರಾಕ್ಟೀಸ್ ಇಲ್ಲ. ಶನಿವಾರ ಮನೇಲಿ ಆರಾಮಾಗಿರು," ಎಂದಳು. ಊಟ ಆಯಿತೇ ಎಂದು ಕೇಳಿದಳು, ಅತ್ತಿಗೆ ಹೇಗಿದ್ದಾಳೆ ಎಂದು ಕೇಳಿದಳು, ಇಟ್ಟುಬಿಟ್ಟಳು. ಬೇರೆ ಯಾವ ಬ್ಯಾಂಡಿನಲ್ಲಾದರೂ ಈ ಮಾತಿಗೆ ಪ್ರಾಕ್ಟೀಸ್ ಇಲ್ಲ ಎಂದಷ್ಟೇ ಅರ್ಥ. ನಮ್ಮ ಬ್ಯಾಂಡಿನಲ್ಲಿ ಅದರ ಅರ್ಥ, ಪ್ರಾಕ್ಟೀಸ್ ಇದೆ, ನೀನು ಇಲ್ಲ.

ನಮ್ಮ ಬ್ಯಾಂಡಿನ ಹೆಸರು ತುಕ್ಕು. ಹೆವಿ ಮೆಟಲ್ ನುಡಿಸುವವರಿಗೆ ಇದಕ್ಕಿಂತ ಪ್ರಾಮಾಣಿಕ ಹೆಸರು ಸಿಗಲಾರದು. ಇಪ್ಪತ್ತು ಚಿಲ್ಲರೆ ವರ್ಷಗಳ ಹಿಂದೆ ಅದನ್ನು ಕಟ್ಟಿದವರಲ್ಲಿ ಈಗ ಉಳಿದಿರುವುದು ಇಬ್ಬರೇ, ಡ್ರಮ್ಸ್ ಬಾರಿಸುವ ನಾನು ಮತ್ತು ಹಾಡುವ ನನ್ನ ಗೆಳೆಯ. ಗೆಳೆಯ ಆಮೇಲೆ ನನ್ನ ತಂಗಿಯನ್ನು ಮದುವೆಯಾದ. ಈಗ ಅವನೂ ನನಗೆ ಭಾವ, ನಾನೂ ಅವನಿಗೆ ಭಾವ. ಬ್ಯಾಂಡಿನ ಕಾರ್ಯಕ್ರಮ ಗೊತ್ತುಮಾಡುವುದು, ಫೋನಿನಲ್ಲಿ ಮಾತಾಡುವುದು, ವ್ಯಾನು ಹೊಂದಿಸುವುದು ಎಲ್ಲ ತಂಗಿಯ ಪಾಲಿಗೆ ಬಿತ್ತು.

ಭಾವ ವೇದಿಕೆ ಹತ್ತಿದರೆ ಹುಲಿ. ಅವನ ಗರ್ಜನೆಗೆ ಮುಂದಿನ ಸಾಲಿನವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಕೆಳಗಿಳಿದನೆಂದರೆ ಹೋಟೆಲಿನಲ್ಲಿ ಇನ್ನೊಂದು ಚಮಚ ಕೇಳಲೂ ನಾಚುವ ಪ್ರಾಣಿ. ಯಾರಿಗೂ ಮುಖ ಕೊಟ್ಟು 'ನೀನು ಬೇಡ' ಎಂದವನಲ್ಲ. ಆದ್ದರಿಂದ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬಂಥ ಪದ್ಧತಿಯೊಂದು ತಾನಾಗಿ ಬೆಳೆಯಿತು. ಬೇಡವಾದವನಿಗೆ ತಂಗಿ ಫೋನು ಮಾಡಿ ಈ ವಾರ ಪ್ರಾಕ್ಟೀಸ್ ಇಲ್ಲ ಎನ್ನುತ್ತಾಳೆ. ಉಳಿದವರು ಸೇರಿ ಹೊಸಬನನ್ನು ಕೂರಿಸಿ ನೋಡುತ್ತಾರೆ. ಎರಡು ಮೂರು ವಾರ ಹೀಗೇ ನಡೆದ ಮೇಲೆ ಹಳಬ ತಾನೇ ಅರ್ಥಮಾಡಿಕೊಂಡು ಒಂದು ದಿನ ಬಂದು ತನ್ನ ವೈರುಗಳನ್ನು ಸುತ್ತಿಕೊಂಡು ಹೋಗುತ್ತಾನೆ. ಜಗಳವಿಲ್ಲ, ಕಣ್ಣೀರಿಲ್ಲ.

ಹೀಗೆ ಹೋದವರು ಒಬ್ಬಿಬ್ಬರೇ? ಮೊದಲ ಗಿಟಾರಿನವನಿಗೆ ಪ್ರತಿ ಹಾಡಿನಲ್ಲೂ ತಾನೇ ಮದುಮಗನಾಗಬೇಕಿತ್ತು, ಅವನಿಗೆ ಫೋನು ಹೋಯಿತು. ಎರಡನೆಯವನು ಚೆನ್ನಾಗಿಯೇ ನುಡಿಸುತ್ತಿದ್ದ, ಆದರೆ ಬರುತ್ತಿದ್ದುದು ಕಾರ್ಯಕ್ರಮ ಮುಗಿದ ಮೇಲೆ. ಬಾಸ್ ಗಿಟಾರಿನವರಂತೂ ಬಾಡಿಗೆ ಮನೆಯವರ ಹಾಗೆ ಬಂದು ಹೋದರು. ಒಬ್ಬ ಧ್ಯಾನ ಕಲಿಯಲು ಹೋಗಿ ಗದ್ದಲ ಬೇಡವೆಂದ, ಇನ್ನೊಬ್ಬ ತಂತಿ ತರುತ್ತೇನೆಂದು ಹೋದವನು ಇವತ್ತಿಗೂ ತರುತ್ತಲೇ ಇದ್ದಾನೆ. ಕೀಬೋರ್ಡಿನವನೊಬ್ಬ ಎರಡು ಕಾರ್ಯಕ್ರಮಕ್ಕಿದ್ದ, ಅವನ ಮುಖ ನೆನಪಿಲ್ಲ. ಈಗಿರುವ ಗಿಟಾರಿನವರು ಹಗಲು ಲೆಕ್ಕದ ಪಾಠ ಹೇಳುತ್ತಾರೆ, ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತೇವೆ. ಬಾಸ್ ಹಿಡಿದವನು ಉದ್ದಕ್ಕೆ, ಅಲುಗಾಡದೆ, ಮಾತಾಡದೆ ನಿಲ್ಲುವುದರಿಂದ ಕಂಬ. ಇಷ್ಟು ಜನರ ಬೆನ್ನು ನೋಡುತ್ತ ಹಿಂದೆ ಕೂತಿದ್ದವನು ನಾನು. ಆ ಫೋನು ನನಗೂ ಬರಬಹುದೆಂದು ಕನಸಿನಲ್ಲೂ ಎಣಿಸಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಳೆದ ಎರಡು ವರ್ಷದಿಂದ ಬೇರೇನನ್ನೂ ಎಣಿಸಿರಲಿಲ್ಲ.

ಕಾರಣ ನನ್ನ ಕಿವಿ. ಗಾಜು ಕತ್ತರಿಸುವಾಗ ಕಟ್ಟರಿನ ಚಕ್ರ ಹರಿದಲ್ಲಿ ಸುಯ್ಯೆಂದು ಸಣ್ಣ ಸದ್ದು ಬರಬೇಕು. ಆ ಸದ್ದು ಒಂದೇ ಸಮ ಬಂದರೆ ಗಾಜು ಗೆರೆಯಗುಂಟ ಬೇರೆಯಾಗುತ್ತದೆ, ನಡುವೆ ತಪ್ಪಿದರೆ ಅಡ್ಡಾದಿಡ್ಡಿ ಒಡೆಯುತ್ತದೆ. ಒಂದು ದಿನ ನನಗೆ ಆ ಸದ್ದು ಕೇಳಿಸಲಿಲ್ಲ. ಚಕ್ರ ಸವೆದಿದೆ ಎಂದುಕೊಂಡು ಹೊಸದು ಹಾಕಿದೆ. ಹೊಸದೂ ಮೂಕ. ಆಮೇಲೆ ತಾಳದ ತಟ್ಟೆಗಳ ಝಲ್ಲೆನ್ನುವುದು ಹೋಯಿತು, ಮೇಷ್ಟ್ರು ಗಿಟಾರಿನ ಮೇಲಿನ ತಂತಿಗಳಿಗೆ ಬೆರಳು ಒಯ್ದರೆ ಬೆರಳು ಮಾತ್ರ ಕಾಣತೊಡಗಿತು. ಮಾತು ಕೇಳುತ್ತದೆ, ಡ್ರಮ್ಮು ಕೇಳುತ್ತದೆ, ಬಾಸ್ ಕೇಳುತ್ತದೆ. ಸಣ್ಣ ದನಿಯದೆಲ್ಲ ಸತ್ತುಹೋಗಿದೆ.

ಯಾರಿಗೂ ಹೇಳಲಿಲ್ಲ. ಹೇಳಿ ಬದುಕುವುದು ಹೇಗೆ? ಅಂಗಡಿಯಲ್ಲಿ ನಾನು ಕೈ ಸರಿಯಿರುವ ಒಬ್ಬ ಕೆಲಸಗಾರ. ಮನೆಯಲ್ಲಿ ಟೀವಿಯ ಸದ್ದು ಜೋರು ಮಾಡಿ ಬೈಸಿಕೊಳ್ಳುವ ಗಂಡ. ಆ ಡ್ರಮ್ಸಿನ ಹಿಂದೆ ಕೂತಾಗ ಮಾತ್ರ ನಾನು ನಾನಾಗಿದ್ದೆ. ಅದೊಂದು ಹೋದರೆ ಉಳಿಯುವವನ ಪರಿಚಯವೇ ನನಗಿರಲಿಲ್ಲ. ಹಾಗಾಗಿ ನಾಟಕ ಕಲಿತೆ. ಕಿವಿ ಬಿಟ್ಟು ಕಣ್ಣು ಹಿಡಿದೆ. ನಮ್ಮ 'ಕಬ್ಬಿಣದ ಹಸಿವು' ಹಾಡಿನ ನಡುವೆ ಎಲ್ಲರೂ ನಿಂತು ಮೇಷ್ಟ್ರ ಗಿಟಾರೊಂದೇ ಮೇಲೆ ಮೇಲೆ ಏರುವ ಜಾಗವಿದೆ, ಅದು ತುದಿ ಮುಟ್ಟಿದ ಕ್ಷಣಕ್ಕೆ ಡ್ರಮ್ಮು, ಬಾಸು, ಹಾಡು ಒಟ್ಟಿಗೆ ಬೀಳಬೇಕು. ಭಾವ ಅಲ್ಲಿ ಉಸಿರೆಳೆದುಕೊಂಡು ಭುಜ ಎತ್ತುತ್ತಾನೆ. ನಾನು ಆ ಭುಜ ಕಾಯುತ್ತಿದ್ದೆ. ಎತ್ತಿದ ಕೂಡಲೇ ಬಾರಿಸುತ್ತಿದ್ದೆ. ಯಾರೂ ಏನೂ ಅನ್ನಲಿಲ್ಲ, ಎಲ್ಲರ ಕಣ್ಣಿಗೆ ಮಣ್ಣೆರಚಿದೆ ಎಂದು ಒಳಗೊಳಗೇ ಬೀಗಿದೆ.

ಶುಕ್ರವಾರ ಎರಡು ಗಾಜು ಒಡೆದೆ. ಅಂಗಡಿಯ ಯಜಮಾನರು, ಇವತ್ತು ಗಾಜು ಮಾರೋದೋ ಚೂರು ಮಾರೋದೋ ಎಂದು ಕೇಳಿದರು. ಮನೆಯಲ್ಲಿ ಕೂತರೆ ನಿಲ್ಲಬೇಕು, ನಿಂತರೆ ಕೂರಬೇಕು ಅನ್ನಿಸುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಹೆಂಡತಿ ಸುಮ್ಮನೆ ಕರೆದರೂ ಬೆಚ್ಚುತ್ತಿದ್ದೆ. ನಿಜವಾಗಿಯೂ ಪ್ರಾಕ್ಟೀಸ್ ಇಲ್ಲದಿರಬಹುದಲ್ಲ, ಭಾವನಿಗೆ ಗಂಟಲು ಕಟ್ಟಿರಬಹುದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗಿದ್ದರೆ ತಂಗಿ ಅತ್ತಿಗೆಯ ಆರೋಗ್ಯ ಏಕೆ ಕೇಳಿದಳು? ಹಿಂದಿನ ದಿನವಷ್ಟೇ ಇಬ್ಬರೂ ಅರ್ಧ ಗಂಟೆ ಹರಟಿದ್ದರು. ಮುಳ್ಳು ಚುಚ್ಚಿದ ಮೇಲೆ ಕೈ ಸವರುವುದು ಅವಳ ಸ್ವಭಾವ. ಬೇಡವಾದ ಯಾರಿಗೆ ಫೋನು ಮಾಡಿದಾಗಲೂ ಮನೆಯವರ ಕ್ಷೇಮ ವಿಚಾರಿಸಿಯೇ ಇಡುತ್ತಿದ್ದಳು.

ಶನಿವಾರ ಊಟವಾದ ಮೇಲೆ ತಡೆಯಲಾಗಲಿಲ್ಲ. ಸುಮ್ಮನೆ ಹೋಗಿ ನೋಡುತ್ತೇನೆ ಎಂದೆ. ಪ್ರಾಕ್ಟೀಸ್ ಇಲ್ಲ ಅಂದಿದ್ದಿರಿ ಎಂದು ಹೆಂಡತಿ ನೆನಪಿಸಿದಳು. ಅದನ್ನೇ ನೋಡಲು ಹೋಗುತ್ತಿದ್ದೇನೆ ಎಂದು ಚಪ್ಪಲಿ ಮೆಟ್ಟಿದೆ.

ನಮ್ಮ ಕೋಣೆ ಸೋಫಾ ರಿಪೇರಿ ಅಂಗಡಿಯ ಹಿಂಭಾಗದಲ್ಲಿದೆ. ಮೊದಲು ಯಾರೋ ಹಣ್ಣು ಕೆಡದಂತೆ ಇಡಲು ಕಟ್ಟಿಸಿದ ತಣ್ಣನೆಯ ಕೋಣೆ ಅದು. ಯಂತ್ರ ಹೋಗಿದೆ, ಗೇಣು ದಪ್ಪದ ಬಾಗಿಲು ಉಳಿದಿದೆ. ಆ ಬಾಗಿಲಿಂದಾಗಿಯೇ ಅಕ್ಕಪಕ್ಕದವರು ನಮ್ಮನ್ನು ಸಹಿಸಿಕೊಂಡಿದ್ದಾರೆ. ಹೊರಗೆ ತಂಗಿಯ ಸ್ಕೂಟರ್ ನಿಂತಿತ್ತು, ಮೇಷ್ಟ್ರ ಸೈಕಲ್ ನಿಂತಿತ್ತು. ಬಾಗಿಲಿಗೆ ಅಂಗೈ ಊರಿ ನಿಂತೆ.

ಒಳಗೆ ಯಾರೋ ನನ್ನ ಡ್ರಮ್ಸ್ ಬಾರಿಸುತ್ತಿದ್ದರು. ಮರದ ಮೂಲಕ ಅಂಗೈಗೆ ಬಡಿತ ಬರುತ್ತಿತ್ತು. ಕೈ ಗಟ್ಟಿಯಿತ್ತು, ಕಾಲು ನನಗಿಂತ ಚುರುಕಿತ್ತು. ಹೊಟ್ಟೆ ಉರಿಯಿತು, ಮುಚ್ಚಿಟ್ಟು ಏನು ಪ್ರಯೋಜನ? 'ಕಬ್ಬಿಣದ ಹಸಿವು' ನಡೆಯುತ್ತಿತ್ತು. ಎಲ್ಲ ನಿಂತಿತು. ಈಗ ಮೇಷ್ಟ್ರು ಒಬ್ಬರೇ ಏರುತ್ತಿದ್ದಾರೆ ಎಂದು ಗೊತ್ತಾಯಿತು, ಕೇಳಿಸಲಿಲ್ಲ. ನೋಡಲು ಭಾವನ ಭುಜವೂ ಇರಲಿಲ್ಲ. ನನ್ನ ಕಾಲು ತನ್ನಷ್ಟಕ್ಕೆ ತಾಳ ಎಣಿಸತೊಡಗಿತು, ಮೊದಲ ವರ್ಷಗಳಲ್ಲಿ ಎಣಿಸುತ್ತಿದ್ದ ಹಾಗೇ. ತುದಿಗೆ ಬಂದು ನೆಲಕ್ಕೆ ಬಡಿಯಿತು. ಒಳಗೆ ಡ್ರಮ್ಮು ಬೀಳಲಿಲ್ಲ.

ಒಂದು ರೆಪ್ಪೆ ಬಡಿದಷ್ಟು ಹೊತ್ತಿನ ನಂತರ ಬಿತ್ತು. ಅದರ ಜೊತೆಗೇ ಬಾಸ್, ಜೊತೆಗೇ ಹಾಡು.

ಅವರು ಮತ್ತೆ ಮೊದಲಿಂದ ಶುರುಮಾಡಿದರು. ಮತ್ತೆ ಅದೇ ಜಾಗ, ಮತ್ತೆ ಅಷ್ಟೇ ತಡ. ಹೊಸಬರ ತಪ್ಪಾಗಿದ್ದರೆ ಕಂಬನಾದರೂ ಸರಿಯಾದ ಕ್ಷಣಕ್ಕೆ ಬೀಳಬೇಕಿತ್ತು. ಎಲ್ಲರೂ ಒಂದೇ ಸಮ ತಡವಾಗಿದ್ದರು. ಆಗ ನನಗೆ ಹೊಳೆಯಿತು, ಬಾಗಿಲ ಹೊರಗೆ ನಿಂತು ನಾನು ಕೇಳಿಸಿಕೊಳ್ಳುತ್ತಿರುವುದು ನನ್ನ ತಡವನ್ನೇ.

ಬಾಗಿಲು ಎಳೆದೆ. ವಾದ್ಯಗಳು ಒಂದೊಂದಾಗಿ ನಿಂತವು. ಭಾವ ನೆಲ ನೋಡಿದ. ಮೂಲೆಯ ಕುರ್ಚಿಯಲ್ಲಿದ್ದ ತಂಗಿ ಎದ್ದು ನಿಂತಳು, ಅವಳ ಮುಖ ಬಿಳಿಚಿಕೊಂಡಿತ್ತು. ಡ್ರಮ್ಸಿನ ಹಿಂದೆ ಮೂವತ್ತರ ಆಸುಪಾಸಿನ ಹೆಂಗಸು ಕೂತಿದ್ದಳು. ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸವಂತೆ, ಅದು ಆಮೇಲೆ ಗೊತ್ತಾಯಿತು, ತೋಳು ನೋಡಿದರೆ ಆಗಲೇ ನಂಬಬಹುದಿತ್ತು. ಅವಳು ಗಡಬಡಿಸಿ ಎದ್ದು ಕೋಲುಗಳನ್ನು ನನ್ನತ್ತ ಚಾಚಿದಳು.

ದಾರಿಯುದ್ದಕ್ಕೂ ನಾನು ಬೈಗುಳ ಜೋಡಿಸಿಕೊಂಡು ಬಂದಿದ್ದೆ. ಈ ಬ್ಯಾಂಡ್ ಕಟ್ಟಿದ್ದು ಯಾರು, ವ್ಯಾನು ಕೆಟ್ಟಾಗ ತಳ್ಳಿದ್ದು ಯಾರು ಎಂದೆಲ್ಲ. ಒಂದೂ ಬಾಯಿಗೆ ಬರಲಿಲ್ಲ. ಈ ಹಾಡನ್ನು ಎಲ್ಲಿಂದ ಕಲಿತಿರಿ ಎಂದು ಅವಳನ್ನು ಕೇಳಿದೆ.

"ಹೋದ ವರ್ಷದ ಶೋಗಳದ್ದು ಸರ್, ನಿಮ್ಮದೇ ರೆಕಾರ್ಡಿಂಗು," ಎಂದಳು. "ಎಲ್ಲ ಬೇಗ ಬಂತು. ನಡುವೆ ಆ ಒಂದು ಚೂರು ತಡೆದು ಬೀಳ್ತೀರಲ್ಲ, ಅದನ್ನ ಹಿಡಿಯೋಕೆ ಮಾತ್ರ ಸಾಕುಸಾಕಾಯ್ತು."

ಕಂಬ ಗೋಡೆ ನೋಡುತ್ತಿದ್ದ. ಮೇಷ್ಟ್ರು ತಂತಿ ಬಿಗಿ ಮಾಡುವ ನೆವದಲ್ಲಿ ತಲೆ ತಗ್ಗಿಸಿದ್ದರು. ಯಾರಿಗೂ ಎದುರು ಮಾತಾಡದ ನನ್ನ ಭಾವ ಗಂಟಲು ಸರಿಮಾಡಿಕೊಂಡು, "ಅದು ಅವನ ಸ್ಟೈಲು," ಎಂದ.

ಅವನು ನನಗೆ ಪಾರಾಗಲು ದಾರಿ ಮಾಡಿಕೊಟ್ಟಿದ್ದ. ಹೌದು ಎಂದು ನಕ್ಕು ಕೋಲು ತೆಗೆದುಕೊಂಡು ಕೂತಿದ್ದರೆ ಅವಳು ಚೀಲ ಎತ್ತಿಕೊಂಡು ಹೋಗುತ್ತಿದ್ದಳು. ಮುಂದಿನ ವಾರ ಪ್ರಾಕ್ಟೀಸ್ ಇರುತ್ತಿತ್ತು. ಭಾವ ಭುಜ ಎತ್ತುತ್ತಿದ್ದ. ಹಾಗೇ ಮಾಡಬೇಕೆಂದು ನನ್ನ ಮೈಯ ಒಂದೊಂದು ಮೂಳೆಯೂ ಬೇಡಿಕೊಂಡಿತು. ಆದರೆ ಆ ಹಾಡು ನಮ್ಮಿಬ್ಬರದು, ಒಂದೇ ಚಾಪೆಯ ಮೇಲೆ ಕೂತು ಕಟ್ಟಿದ್ದು. ಅದು ಈಗ ಕುಂಟುತ್ತಿತ್ತು, ಇನ್ನು ಕಲಿಯುವವರೆಲ್ಲ ಕುಂಟನ್ನೇ ಕಲಿಯುತ್ತಿದ್ದರು.

"ಸ್ಟೈಲ್ ಅಲ್ಲಮ್ಮ," ಎಂದೆ. "ನನಗೆ ಗಿಟಾರ್ ಕೇಳಿಸಲ್ಲ. ಎರಡು ವರ್ಷ ಆಯ್ತು. ಅದಕ್ಕೇ ಅಲ್ಲಿ ತಡ ಆಗ್ತಿತ್ತು. ಅದನ್ನ ತೆಗೆದುಹಾಕಿ."

ತಂಗಿ ಹತ್ತಿರ ಬಂದು ತೋಳು ಹಿಡಿದಳು.

"ಗೊತ್ತಿತ್ತು ಅಣ್ಣ," ಎಂದಳು. "ಎಲ್ಲರಿಗೂ ಗೊತ್ತಿತ್ತು. ಹೇಳೋಕೆ ಬಾಯಿ ಬರಲಿಲ್ಲ."

ಆ ಭುಜ ಎತ್ತುವುದನ್ನೂ ಭಾವ ನನಗೋಸ್ಕರವೇ ಶುರುಮಾಡಿದ್ದನಂತೆ. ಅವನಿಗೆ ಅದರ ಅಗತ್ಯ ಯಾವತ್ತೂ ಇರಲಿಲ್ಲ. ಕಣ್ಣಿಗೆ ಮಣ್ಣೆರಚಿದ್ದು ನಾನಲ್ಲ, ಅವರು. ನಾಚಿಕೆಯೂ ಸಿಟ್ಟೂ ಒಟ್ಟಿಗೆ ಬಂದವು, ಯಾವುದನ್ನು ಮೊದಲು ಮಾಡಬೇಕೆಂದು ತಿಳಿಯದೆ ನಿಂತೆ. ಕೊನೆಗೆ ಸುಮ್ಮನೆ ನುಡಿಸಿ ಎಂದೆ, ಕೋಲುಗಳನ್ನು ಅವಳ ಕೈಗೇ ಹಿಂದಕ್ಕೆ ತಳ್ಳಿದೆ. ಎಲ್ಲಿ ಬೀಳಬೇಕೆಂದು ಕಾಲು ಬಡಿದು ತೋರಿಸಿದೆ. ಅವಳು ಒಂದೇ ಸಲಕ್ಕೆ ತಲೆಯಾಡಿಸಿದಳು.

ಹಾಡು ಶುರುವಾಯಿತು. ನಡುವೆ ಎಲ್ಲ ನಿಂತಿತು. ಮೇಷ್ಟ್ರ ಬೆರಳುಗಳು ತಂತಿಯ ಮೇಲೆ ಸದ್ದಿಲ್ಲದೆ ಏರುವುದನ್ನು ನೋಡುತ್ತ ಎಣಿಸಿದೆ. ತುದಿ ಮುಟ್ಟಿದವು, ಅವಳ ಎರಡೂ ಕೈ ಇಳಿದವು, ಡ್ರಮ್ಮು ಅದರ ಜಾಗದಲ್ಲಿ ಬಿತ್ತು.

ಡ್ರಮ್ಮೊಂದೇ ಬಿತ್ತು. ಕಂಬನೂ ಭಾವನೂ ಆ ರೆಪ್ಪೆಯಷ್ಟು ಹೊತ್ತು ನನಗಾಗಿ ಕಾದು, ಆಮೇಲೆ ಬಂದರು.