ಒಂದು ನೂಲು ಒಳಗೆ

ಇಪ್ಪತ್ತೆರಡು ವರ್ಷದಿಂದ ಇದೇ ಡ್ರೆಸ್ಸಿಂಗ್ ಕೋಣೆಯಲ್ಲಿ ಗಾಯ ತೊಳೆಯುತ್ತಿದ್ದೇನೆ. ಕೀವು ಕಂಡು ಮೂಗು ಮುಚ್ಚಿಕೊಳ್ಳುವವಳಲ್ಲ, ಸುಳ್ಳು ಸಮಾಧಾನ ಹೇಳುವವಳೂ ಅಲ್ಲ ಎಂದು ನನಗೊಂದು ಹೆಸರಿದೆ. ಆದರೂ ಟೈಲರಣ್ಣನ ವಿಷಯದಲ್ಲಿ ಎಡವಿದೆ.

ಅವರಿಗೆ ಸಕ್ಕರೆ ಕಾಯಿಲೆ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಕೀವುಗಟ್ಟಿದ ಗಾಯ. ಆಗ ನಮ್ಮಲ್ಲಿ ಹೊಸ ಜೆಲ್ ಪಟ್ಟಿಯೊಂದರ ಪರೀಕ್ಷೆ ನಡೆಯುತ್ತಿತ್ತು. ಜೇನು, ಅರಿಶಿನದ ಸತ್ವ ಸೇರಿಸಿದ, ಮುಟ್ಟಿದರೆ ತಣ್ಣಗಿರುವ ಪಟ್ಟಿ. ಕೆಲವರಿಗೆ ಅದರಿಂದ ವಾಸಿಯೂ ಆಗಿತ್ತು. ನಿಯಮ ಒಂದೇ. ಪ್ರತಿ ಸೋಮವಾರ ಗಾಯದ ಮೇಲೆ ಪಾರದರ್ಶಕ ಹಾಳೆ ಇಟ್ಟು ಅಂಚಿನ ಗೆರೆ ಎಳೆಯಬೇಕು. ಗಾಯ ಕುಗ್ಗದಿದ್ದರೆ ಜೆಲ್ ನಿಲ್ಲಿಸಿ ಆಪರೇಷನ್‌ಗೆ ಕಳಿಸಬೇಕು. ಅಂದರೆ ಎರಡು ಬೆರಳು ಹೋಗುತ್ತವೆ. ದೊಡ್ಡ ಡಾಕ್ಟರು ಕಾಲು ನೋಡುತ್ತಿರಲಿಲ್ಲ, ನಾನು ಕಳಿಸಿದ ಹಾಳೆ ನೋಡುತ್ತಿದ್ದರು. ಅವರ ಪುರುಸೊತ್ತಿನ ಕಥೆ ಹೇಳಿ ಸುಖವಿಲ್ಲ.

“ಬೆರಳು ಹೋದ್ರೆ ಮೆಷಿನ್ ತುಳಿಯೋದು ಹೇಗೆ ಸಿಸ್ಟರ್?” ಎಂದು ಟೈಲರಣ್ಣ ನಗುತ್ತಲೇ ಕೇಳುತ್ತಿದ್ದರು. “ಎಲ್ಲರಿಗೂ ಹೊಟ್ಟೆ ಹೊಟ್ಟೇಲಿರುತ್ತೆ, ನನಗೆ ಕಾಲಲ್ಲಿದೆ.”

ಅವರ ಹೆಂಡತಿ ನಗುತ್ತಿರಲಿಲ್ಲ. ನಾನು ಗೆರೆ ಎಳೆದು ಮುಗಿಸುವವರೆಗೂ ಉಸಿರು ಬಿಗಿಹಿಡಿದು ನಿಂತಿದ್ದು, “ಕಮ್ಮಿ ಆಗಿದ್ಯಾ?” ಎನ್ನುತ್ತಿದ್ದಳು.

ಎರಡನೆಯ ಸೋಮವಾರ ಗಾಯ ಕಡಿಮೆಯಾಗಿರಲಿಲ್ಲ. ಆಕೆಯ ಮುಖ ನೋಡಿದೆ. ಗೆರೆಯನ್ನು ಕೊಂಚ ಒಳಗೆ ಎಳೆದುಬಿಟ್ಟೆ. ಇನ್ನೊಂದು ವಾರ ಸಿಕ್ಕರೆ ಜೆಲ್ ಕೈಹಿಡಿದೀತು ಎಂಬ ಆಸೆ. ಒಮ್ಮೆ ಹಾಗೆ ಎಳೆದ ಮೇಲೆ ಮುಂದಿನ ವಾರ ಇನ್ನಷ್ಟು ಒಳಗೆ ಎಳೆಯಲೇಬೇಕು, ಇಲ್ಲದಿದ್ದರೆ ಹಿಂದಿನದು ಬಯಲಾಗುತ್ತದೆ. ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಎನ್ನುತ್ತಾರೆ. ನನ್ನ ಪಾಪಕ್ಕೆ ಮೂರೇ ಸಾಕಾದವು. ಐದನೆಯ ಸೋಮವಾರ ಟೈಲರಣ್ಣ ಜ್ವರದಲ್ಲಿ ನಡುಗುತ್ತಾ ಬಂದರು. ಪಾದ ಕಪ್ಪಿಟ್ಟಿತ್ತು, ಸೋಂಕು ಮೂಳೆಗಿಳಿದು ಮೇಲೇರಿತ್ತು.

ಕಾಲನ್ನು ಮೊಣಕಾಲಿನಿಂದ ಮೇಲಕ್ಕೇ ಕತ್ತರಿಸಿದರು. “ಮೂರು ವಾರ ಮೊದಲೇ ಕಳಿಸಿದ್ರೆ ಎರಡು ಬೆರಳಲ್ಲಿ ಮುಗೀತಿತ್ತು. ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಳ್ಳೋ ಹಾಗಾಯ್ತು,” ಎಂದು ಸರ್ಜನ್ ಕೈ ತೊಳೆಯುತ್ತಾ ಗೊಣಗಿದರು. ಅಲ್ಲೇ ನೆಲ ಬಾಯಿಬಿಡಬಾರದೇ ಎನ್ನಿಸಿತು.

ತಪ್ಪೊಪ್ಪಿಕೊಳ್ಳಲೆಂದೇ ವಾರ್ಡಿಗೆ ಹೋದೆ. ಹೆಂಡತಿ ಒದ್ದೆ ಬಟ್ಟೆಯಲ್ಲಿ ಅವರ ಮುಖ ಒರೆಸುತ್ತಿದ್ದಳು. “ನಿಮ್ಮ ಕೈಗುಣ ಒಳ್ಳೇದೇ ಸಿಸ್ಟರ್. ನಮ್ಮ ಹಣೆಬರಹಕ್ಕೆ ನೀವೇನ್ ಮಾಡ್ತೀರಿ,” ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಅಣ್ಣಾ, ಆ ಗೆರೆ...” ಎಂದೆ.

“ಒಂದು ನೂಲು ಒಳಗೆ ಎಳೀತಿದ್ರಿ,” ಎಂದರು ಟೈಲರಣ್ಣ, ಕಣ್ಣು ಮುಚ್ಚಿಕೊಂಡೇ. “ಮೂವತ್ತು ವರ್ಷ ಬಟ್ಟೆ ಮೇಲೆ ಗೆರೆ ಎಳೆದೋನಿಗೆ ಅಷ್ಟೂ ಗೊತ್ತಾಗಲ್ವಾ? ಮೊದಲ್ನೇ ಸಲವೇ ಗೊತ್ತಾಯ್ತು. ಬಾಯಿಬಿಟ್ರೆ ಜೆಲ್ ನಿಲ್ಲಿಸ್ತಾರೆ ಅಂತ ಸುಮ್ಮನಿದ್ದೆ. ನೀವು ಮನಸ್ಸಿಗೆ ಹಚ್ಕೋಬೇಡಿ.”

ನನ್ನ ಭಾರ ಇಳಿಸಲೆಂದು ಹಾಗಂದರು. ಇಳಿಯಲಿಲ್ಲ.

ಹೆಂಡತಿಯ ಕೈ ನಿಂತಿತು. ಅವರನ್ನು ನೋಡಿದಳು, ಆಮೇಲೆ ನನ್ನನ್ನು.

“ಹಾಗಾದ್ರೆ ನಿಮ್ಮಿಬ್ರಿಗೂ ಗೊತ್ತಿತ್ತು,” ಎಂದಳು. “ನನ್ನನ್ನೊಂದು ಮಾತು ಕೇಳಿದ್ರೆ ಬೆರಳು ತೆಗೀರಿ ಅಂತಿದ್ದೆ. ಮೆಷಿನ್ ನಾನು ತುಳೀತಿದ್ದೆ.”