ಕುಂಬಾರರ ಸೊಸೆಗೆ ಮಣ್ಣಿನ ಆಸೆ

ಆ ಮನೆಯಲ್ಲಿ ಯಾರಾದರೂ ಮಣ್ಣನ್ನು ಬಾಯಿಗೆ ಹಾಕಿಕೊಂಡರೆ ಬೈಯುವವರಿಲ್ಲ. ಅದು ಕುಂಬಾರರ ಮನೆ. ಹೊಸ ಮಣ್ಣು ಬಂದಾಗ ಚಿಟಿಕೆಯಷ್ಟು ನಾಲಿಗೆಯ ಮೇಲಿಟ್ಟು, ಹಲ್ಲಿಗೆ ಮರಳು ಸಿಗುತ್ತದೋ ಎಂದು ನೋಡಿ, ಥೂ ಎಂದು ಉಗಿಯುವುದು ಅವರ ಕೆಲಸದ ರೀತಿ. ಮರಳು ಸಿಕ್ಕರೆ ಇನ್ನೊಮ್ಮೆ ಸೋಸಬೇಕು. ಅತ್ತೆ ಹಾಗೆ ನೋಡುತ್ತಾಳೆ, ಮಗ ನೋಡುತ್ತಾನೆ, ಸೊಸೆಯೂ ನೋಡುತ್ತಾಳೆ. ಆದರೆ ಈಚೆಗೆ ಸೊಸೆ ಉಗಿಯುತ್ತಿರಲಿಲ್ಲ, ನುಂಗುತ್ತಿದ್ದಳು. ಅದನ್ನು ಯಾರೂ ಗಮನಿಸಲಿಲ್ಲ.

ಸೊಸೆ ಎಂದರೆ ಅಂತಿಂಥ ಸೊಸೆಯಲ್ಲ. ತಿಗರಿಯ ಮುಂದೆ ಕೂತಳೆಂದರೆ, ಆ ಚಕ್ರದ ಮೇಲಿನ ಮಣ್ಣು ಅವಳು ಹೇಳಿದ ಹಾಗೆ ಕೇಳುತ್ತಿತ್ತು. ಮಂಡಿಗಿಂತ ಎತ್ತರದ ನೀರಿನ ಗುಡಾಣ ಎಬ್ಬಿಸುವುದು ಇಡೀ ಬೀದಿಯಲ್ಲಿ ಅವಳೊಬ್ಬಳಿಗೇ ಬರುತ್ತಿತ್ತು. ಗುಡಾಣ ಏಳುವಾಗ ಗಂಡನನ್ನು ಕುಣಿಸಿಬಿಡುತ್ತಿದ್ದಳು. "ನೀರು ಕೊಡ್ರೀ! ಅಯ್ಯೋ, ಅಷ್ಟೊಂದಲ್ಲ! ಬುಡ ಕುಯ್ಯೋ ದಾರ ಎಲ್ಲಿ? ಬೆಳಕಿಗೆ ಅಡ್ಡ ನಿಲ್ಬೇಡಿ!" ಅವನು ಬೈಸಿಕೊಳ್ಳುತ್ತಲೇ ನಗುತ್ತಿದ್ದ.

ಮಗಳು ಪುಟ್ಟಿ ಹುಟ್ಟಿದ ಮೇಲೆ ಇದೆಲ್ಲ ನಿಧಾನವಾಗಿ ನಿಂತುಹೋಯಿತು. ನೀರಿನ ಬಕೆಟ್ ಎತ್ತಿದರೆ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಮಣ್ಣು ತುಳಿಯಲು ಹೋದರೆ ತಲೆ ಗಿರ್ರೆನ್ನುತ್ತಿತ್ತು. ಮುಟ್ಟಾದಾಗ ರಕ್ತ ವಿಪರೀತ ಹೋಗುತ್ತಿತ್ತು. ಅದನ್ನು ಯಾರ ಹತ್ತಿರ, ಹೇಗೆ ಹೇಳುವುದೆಂದು ಸುಮ್ಮನಿದ್ದಳು. ಈಗ ಅವಳ ಕೆಲಸವೆಂದರೆ ಬಾಗಿಲ ಬಳಿ ಕೂತು, ಒಣಗಿದ ಕುಡಿಕೆಗಳಿಗೆ ಬಿಳಿ ಮಣ್ಣು ಬಳಿಯುವುದು. ಅಲ್ಲಿಂದ ತಿಗರಿ ಕಾಣುತ್ತಿತ್ತು. ಗಂಡ ಅದರ ಮೇಲೆ ಗುಡಾಣ ಮಾಡಲು ಹೊರಟರೆ ಅದು ಒಂದು ಹೆಗಲು ಇಳಿಸಿಕೊಂಡು ನಿಲ್ಲುತ್ತಿತ್ತು. ಕೊಳ್ಳಲು ಬಂದವರು ಅದನ್ನು ಸುತ್ತುಹಾಕಿ ನೋಡಿ, "ನಿಮ್ಮ ಮನೆಯವರು ಮಾಡಿದ್ದು ಒಂದೂ ಇಲ್ವಾ?" ಎಂದು ಕೇಳುತ್ತಿದ್ದರು.

ಆ ಮಾತು ಕಿವಿಗೆ ಬಿದ್ದಾಗೆಲ್ಲ ಅವಳ ಕೈ ಜುಮ್ಮೆನ್ನುತ್ತಿತ್ತು. ಮನೆಯಲ್ಲಿ ಯಾರೂ ಇಲ್ಲದಾಗ ಹೋಗಿ ತಿಗರಿಯನ್ನು ಒಂದು ಸುತ್ತು ತಿರುಗಿಸಿ, ಅದು ತಾನಾಗಿ ನಿಲ್ಲುವವರೆಗೂ ನೋಡುತ್ತಿದ್ದಳು. ಇನ್ನೊಂದೇ ಒಂದು ಗುಡಾಣ ಎಬ್ಬಿಸಿದರೆ ಸಾಕು ಎಂದು ಅವಳಿಗೆ ಅಳು ಬರುವಷ್ಟು ಆಸೆಯಾಗುತ್ತಿತ್ತು.

"ಬಾಣಂತನ ಆದ್ಮೇಲೆ ಹೆಂಗಸ್ರಿಗೆ ಸುಸ್ತು ಇದ್ದಿದ್ದೇ ಕಣೇ. ನಾವೆಲ್ಲ ಹೆತ್ತಿಲ್ವಾ, ದುಡಿದಿಲ್ವಾ?" ಎನ್ನುತ್ತಿದ್ದಳು ಅತ್ತೆ. ಕೆಟ್ಟ ಹೆಂಗಸಲ್ಲ, ಆದರೆ ಅವಳ ಮಾತಿಗೆ ಎದುರಾಡಿ ಗೆದ್ದವರೂ ಇಲ್ಲ.

ಹೀಗಿರುವಾಗ ಒಂದು ದಿನ ಆರೋಗ್ಯ ಕೇಂದ್ರದ ನರ್ಸಕ್ಕ ಗಿಡ ನೆಡಲು ಕುಂಡ ಬೇಕೆಂದು ಬಂದಳು. ಸೊಸೆ ಕುಂಡ ತರಲು ಎದ್ದವಳು ಗೋಡೆ ಹಿಡಿದು ನಿಂತಳು. ನರ್ಸಕ್ಕ ಕುಂಡ ಬಿಟ್ಟು ಅವಳ ಕೈ ಹಿಡಿದಳು.

"ಎಲ್ಲಿ, ಈ ಕೈ ಸ್ವಲ್ಪ ತೊಳ್ಕೊಂಡು ಬಾಮ್ಮ."

"ತೊಳೆದ್ರೆ ಮತ್ತೆ ಮಣ್ಣಾಗುತ್ತಕ್ಕ. ನಮ್ಮ ಕೈ ಯಾವಾಗ್ಲೂ ಬಿಳೀನೇ."

"ಪರವಾಗಿಲ್ಲ, ತೊಳ್ಕೊಂಡು ಬಾ."

ಅವಳು ಉಜ್ಜಿ ಉಜ್ಜಿ ತೊಳೆದಳು. ಮಣ್ಣೆಲ್ಲ ಹೋಯಿತು, ಬಿಳುಪು ಹೋಗಲಿಲ್ಲ. ನರ್ಸಕ್ಕ ತನ್ನ ಅಂಗೈಯನ್ನು ಪಕ್ಕದಲ್ಲಿ ಹಿಡಿದಳು. ಅತ್ತೆಯ ಕೈಯನ್ನೂ ತೊಳೆಸಿ ಜೊತೆಗಿಟ್ಟಳು. ಮೂರು ಅಂಗೈಗಳಲ್ಲಿ ಸೊಸೆಯದು ಮಾತ್ರ ಬೇರೆ ಇತ್ತು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಒಳಗೂ ಕೆಂಪಿರಲಿಲ್ಲ. ದಿನವೂ ಅದೇ ಕೈಯಿಂದ ಊಟ ಬಡಿಸಿಕೊಂಡ ಗಂಡನೂ ಅತ್ತೆಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಏನಾದ್ರೂ ತಿನ್ನಬಾರದ್ದು ತಿನ್ನಬೇಕು ಅನ್ಸುತ್ತಾ? ಮಣ್ಣು, ಬಳಪ, ಹಸಿ ಅಕ್ಕಿ, ಐಸು?"

ಸೊಸೆ ತಲೆ ತಗ್ಗಿಸಿದಳು. "ಮಣ್ಣು," ಎಂದಳು. "ಒದ್ದೆ ಮಣ್ಣಿನ ವಾಸನೆ ಬಂದ್ರೆ ತಡೆಯೋಕಾಗಲ್ಲಕ್ಕ."

"ಅಯ್ಯೋ, ಅದು ನಮ್ಮ ಕಸುಬು ನರ್ಸಮ್ಮ!" ಅತ್ತೆ ನಡುವೆ ಬಾಯಿ ಹಾಕಿದಳು. "ನಾವೆಲ್ಲ ಬಾಯಿಗಿಟ್ಟು ನೋಡ್ತೀವಿ."

"ನೋಡಿ ಉಗೀತೀರಿ ದೊಡ್ಡಮ್ಮ. ಇವಳು ನುಂಗ್ತಿದಾಳೆ. ಇದು ಚಪಲ ಅಲ್ಲ. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾದಾಗ ಎಷ್ಟೋ ಜನಕ್ಕೆ ಹೀಗೆ ಆಸೆ ಹುಟ್ಟುತ್ತೆ. ಮಣ್ಣು ತಿಂದ್ರೆ ಆ ಕೊರತೆ ತುಂಬಲ್ಲ, ಹೊಟ್ಟೇಲಿ ಹುಳ ಬೇರೆ ಆಗಬಹುದು. ನಾಳೆ ರಕ್ತ ಪರೀಕ್ಷೆಗೆ ಕಳಿಸಿ."

ಮರುದಿನ ಕೇಂದ್ರದಲ್ಲಿ ಪರೀಕ್ಷೆಯಾಯಿತು. ಹನ್ನೆರಡಾದರೂ ಇರಬೇಕಾದ ಹಿಮೋಗ್ಲೋಬಿನ್ ಎಂಟಿತ್ತು. ವೈದ್ಯರು ಮುಟ್ಟಿನ ವಿಷಯ ಕೇಳಿದಾಗ ಸೊಸೆ ಮೊದಲ ಸಲ ಬಾಯಿಬಿಟ್ಟಳು. ಅದಕ್ಕೂ ಔಷಧಿ ಕೊಟ್ಟರು, ಹುಳದ ಮಾತ್ರೆ ಕೊಟ್ಟರು, ಕಬ್ಬಿಣಾಂಶದ ಕೆಂಪು ಮಾತ್ರೆ ಕೊಟ್ಟರು. ತೆಗೆದುಕೊಳ್ಳುವುದು ಹೇಗೆಂದೂ ಹೇಳಿದರು. ಆದರೆ ಸೊಸೆಯ ಮನಸ್ಸು ಆಗಲೇ ತಿಗರಿಯ ಹತ್ತಿರ ಓಡಿಹೋಗಿತ್ತು, ಅರ್ಧ ಕೇಳಿಸಿಕೊಂಡಳು.

ಮನೆಗೆ ಬಂದ ಮೇಲೆ ಗಂಡ ತನ್ನ ಬುದ್ಧಿ ಓಡಿಸಿದ. ಆ ಮನೆಯಲ್ಲಿ ಉಪ್ಪಿನಿಂದ ಹಿಡಿದು ಸೂಜಿಯವರೆಗೆ ಎಲ್ಲಕ್ಕೂ ಒಂದೊಂದು ಕುಡಿಕೆ. ಮಾತ್ರೆಗೂ ಒಂದು ಬೇಡವೇ? ಎಲ್ಲ ಮಾತ್ರೆಗಳನ್ನೂ ಹಾಳೆಯಿಂದ ಬಿಡಿಸಿ ಮುಚ್ಚಳವಿಲ್ಲದ ಕುಡಿಕೆಗೆ ಸುರಿದು, ಕೈಗೆ ಸಿಗುವ ಹಾಗೆ ಕೆಳಗಿನ ಹಲಗೆಯ ಮೇಲಿಟ್ಟ. ಪಕ್ಕದಲ್ಲಿ ಪುಟ್ಟಿಯ ಆಟದ ಮಡಕೆಗಳಿದ್ದವು.

ಸೊಸೆ ದಿನಾ ಬೆಳಿಗ್ಗೆ ಟೀ ಜೊತೆ ಮಾತ್ರೆ ನುಂಗಿದಳು. ಹೊಟ್ಟೆ ತೊಳೆಸಿತು, ಮಲಬದ್ಧತೆಯಾಯಿತು. ಮಲ ಕಪ್ಪಗಾದದ್ದನ್ನು ಕಂಡು ಹೆದರಿ ಅತ್ತೆಗೆ ಹೇಳಿದಳು.

"ನಾನು ಹೇಳ್ಲಿಲ್ವಾ? ಒಳಗೆಲ್ಲ ಸುಟ್ಟುಹೋಗಿದೆ. ಬಿಡು ಅದನ್ನ!"

ಬಿಟ್ಟಳು. ಒಂದು ಮಧ್ಯಾಹ್ನ ತಡೆಯಲಾಗದೆ ತಿಗರಿಯ ಮುಂದೆ ಕೂತೇಬಿಟ್ಟಳು. ಮಣ್ಣು ಮೊಳದಷ್ಟು ಎದ್ದಿತು. ಅಷ್ಟರಲ್ಲಿ ಅವಳ ತೋಳು ನಡುಗಿ, ಎದ್ದದ್ದು ಮಗುಚಿಕೊಂಡಿತು. ಬಿದ್ದ ಮಣ್ಣಿನ ಮೇಲೆ ಎರಡೂ ಕೈಯಿಟ್ಟು ಗಳಗಳ ಅತ್ತಳು. ಬೇರೆ ಯಾವುದಕ್ಕೂ ಅವಳು ಹಾಗೆ ಅತ್ತವಳಲ್ಲ. ಅತ್ತು ಮುಗಿದ ಮೇಲೆ ಹಟ ಬಂತು. ಬಿಟ್ಟ ದಿನಗಳದ್ದನ್ನೆಲ್ಲ ಸೇರಿಸಿ ಮೂರು ಮೂರು ನುಂಗಿದರೆ ಬೇಗ ಶಕ್ತಿ ಬರಬಹುದು ಎಂದುಕೊಂಡು ಹಲಗೆಯ ಹತ್ತಿರ ಹೋದಳು.

ಕುಡಿಕೆ ಖಾಲಿಯಿತ್ತು.

ಮೂಲೆಯಲ್ಲಿ ಪುಟ್ಟಿ ಅಡುಗೆ ಆಟ ಆಡುತ್ತಿದ್ದಳು. ಅವಳ ಪುಟಾಣಿ ಮಡಕೆಗಳಲ್ಲಿ ಕೆಂಪು ಮಾತ್ರೆಗಳು. ಮಗುವಿನ ತುಟಿಯೂ ಕೆಂಪಾಗಿತ್ತು.

"ಅಮ್ಮಾ, ಮಿಠಾಯಿ ಬೇಕಾ?"

ಸೊಸೆಯ ಕೂಗಿಗೆ ಗಂಡನೂ ಅತ್ತೆಯೂ ಓಡಿಬಂದರು. ಆಯ್ದು ನೋಡಿದರು. ಎಷ್ಟು ಇದ್ದವು, ಎಷ್ಟು ಉಳಿದವು ಎಂಬುದು ಯಾರಿಗೆ ಗೊತ್ತು? ಅತ್ತೆ, "ಮಗು ಆಡ್ತಾನೇ ಇದೆಯಲ್ಲ, ಏನೂ ಆಗಿಲ್ಲ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋಣ," ಎಂದಳು. ಗಂಡ ನರ್ಸಕ್ಕನಿಗೆ ಫೋನ್ ಮಾಡಿದ.

"ವಾಂತಿ ಗೀಂತಿ ಏನೂ ಮಾಡಿಸ್ಬೇಡಿ! ಆಡ್ತಿದ್ರೂ ಸರಿ, ಈಗಿಂದೀಗ್ಲೇ ದೊಡ್ಡಾಸ್ಪತ್ರೆಗೆ ಹೊರಡಿ. ಮಾತ್ರೆ ಹಾಳೆ ಇದ್ರೆ ತನ್ನಿ. ನಾನೂ ಬರ್ತೀನಿ."

ಮಗುವನ್ನು ಎತ್ತಿಕೊಂಡು ಓಡುವಾಗ ಸೊಸೆಗೆ ಉಸಿರು ಸಾಲಲಿಲ್ಲ. ಬೀದಿಯ ತುದಿಯಲ್ಲಿ ಮಗುವನ್ನು ಗಂಡನ ಕೈಗೆ ಕೊಟ್ಟು ಗೋಡೆಗೆ ಒರಗಿದಳು. ತನ್ನ ಮಗುವನ್ನು ತಾನೇ ಹೊತ್ತೊಯ್ಯಲಾಗಲಿಲ್ಲ ಎಂಬ ಸಂಕಟ ಅವಳನ್ನು ಹಿಂಡಿತು.

ಆಸ್ಪತ್ರೆಯಲ್ಲಿ ಪುಟ್ಟಿಯ ರಕ್ತ ಪರೀಕ್ಷೆ ಮಾಡಿ, ಒಂದು ದಿನ ಅಲ್ಲೇ ಇಟ್ಟುಕೊಂಡು ನೋಡಿದರು. ಪುಣ್ಯಕ್ಕೆ ಅವಳು ಒಂದನ್ನು ನೆಕ್ಕಿ, ರುಚಿ ಹಿಡಿಸದೆ ಉಗಿದಿದ್ದಳು. ಅಪಾಯವಾಗಲಿಲ್ಲ. ಅಮ್ಮನಿಗಿಂತ ಮಗಳಿಗೇ ಸರಿಯಾಗಿ ಉಗಿಯಲು ಬರುತ್ತದೆ ಎಂದು ಅತ್ತೆ ಆಮೇಲೆ ಕಣ್ಣೊರೆಸಿಕೊಂಡು ನಕ್ಕಳು.

ಆಸ್ಪತ್ರೆಯ ಬೆಂಚಿನ ಮೇಲೆ ಮೂವರನ್ನೂ ಕೂರಿಸಿಕೊಂಡು ನರ್ಸಕ್ಕ ಮಾತಾಡಿದಳು.

"ದೊಡ್ಡೋರಿಗೆ ಔಷಧಿಯಾದದ್ದು ಮಗೂಗೆ ವಿಷ. ಒಂದು ಹಿಡಿ ಮಾತ್ರೆ ಮಗುವಿನ ಜೀವ ತೆಗೀಬಹುದು. ಮೊದಲು ಏನೂ ಆಗದ ಹಾಗೆ ಕಂಡು, ಆಮೇಲೆ ಕೈ ಮೀರುತ್ತೆ. ಮಾತ್ರೆ ಹಾಳೇಲೇ ಇರ್ಲಿ. ಎತ್ತರದಲ್ಲಿಟ್ಟು ಬೀಗ ಹಾಕಿ."

"ನನ್ನದೇ ತಪ್ಪು," ಎಂದ ಗಂಡ.

"ಅದಿರ್ಲಿ. ನೀನು ಮಾತ್ರೆ ಯಾಕಮ್ಮ ಬಿಟ್ಟೆ?"

ಸೊಸೆ ಹೊಟ್ಟೆಯ ಕಥೆ, ಕಪ್ಪು ಮಲದ ಕಥೆ ಹೇಳಿದಳು.

"ಈ ಮಾತ್ರೆ ತಗೊಂಡಾಗ ಮಲ ಕಪ್ಪಗಾಗೋದು ಸಹಜ, ಹೆದರ್ಬೇಡ. ಆದ್ರೆ ಟಾರಿನ ಹಾಗೆ ಅಂಟಂಟಾದ್ರೆ, ರಕ್ತ ಬಿದ್ರೆ, ಹೊಟ್ಟೆನೋವು ಜೋರಾಗಿ ಬಂದ್ರೆ ತಕ್ಷಣ ಬಂದು ತೋರಿಸು. ಹೊಟ್ಟೆ ತೊಳೆಸಿದ್ರೆ ಸ್ವಲ್ಪ ತಿಂದ ಮೇಲೆ ತಗೋ. ನೀರು, ಹಣ್ಣು, ಸೊಪ್ಪು ಜಾಸ್ತಿ ಇರ್ಲಿ. ಆದ್ರೂ ಆಗ್ಲಿಲ್ವಾ, ನನ್ನ ಕೇಳು, ಡಾಕ್ಟರು ಮಾತ್ರೆ ಬದಲಾಯಿಸ್ತಾರೆ. ನೀನೇ ನಿಲ್ಲಿಸ್ಬೇಡ. ಯಾವುದರ ಜೊತೆ ನುಂಗ್ತಿದ್ದೆ?"

"ಟೀ ಜೊತೆ."

ನರ್ಸಕ್ಕ ಹಣೆ ಚಚ್ಚಿಕೊಂಡಳು. "ಟೀ, ಕಾಫಿ, ಹಾಲು ಇದ್ರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತಲ್ಲ ಕಣೇ. ಮಾತ್ರೆಗೂ ಅದಕ್ಕೂ ಒಂದೆರಡು ಗಂಟೆ ಬಿಡುವಿರ್ಲಿ. ನೀರಲ್ಲಿ ನುಂಗು. ನಿಂಬೆಹಣ್ಣು ಹಿಂಡಿದ ನೀರಾದ್ರೂ ಒಳ್ಳೇದೇ."

"ಬಿಟ್ಟಿದ್ದನ್ನೆಲ್ಲ ಒಟ್ಟಿಗೆ ತಗೋಬೇಕು ಅಂತಿದ್ದೆ ಅಕ್ಕ. ನಂಗೆ ಬೇಗ..." ಅವಳು ತನ್ನ ಅಂಗೈ ನೋಡಿಕೊಂಡಳು. "ನಂಗೆ ತಿಗರಿ ಬೇಕಕ್ಕ. ಕನಸಲ್ಲೂ ಅದೇ ತಿರುಗುತ್ತೆ."

ನರ್ಸಕ್ಕ ಅವಳ ಕೈ ಹಿಡಿದುಕೊಂಡಳು. "ಮಡಕೆ ಒಣಗೋ ಮೊದ್ಲೇ ಬೆಂಕಿಗಿಟ್ರೆ ಏನಾಗುತ್ತೆ?"

"ಒಡೆದುಹೋಗುತ್ತೆ."

"ಗೊತ್ತಲ್ಲ ಮತ್ತೆ? ಒಂದು ದಿನ ಮರೆತ್ರೆ ಮರುದಿನ ಎರಡು ನುಂಗೋದು ಬೇಡ. ಡಾಕ್ಟರು ಹೇಳಿದಷ್ಟೇ, ಹೇಳಿದಷ್ಟು ದಿನ. ಸುಸ್ತು ಹೋಯ್ತು ಅಂತ ನಡುವೆ ಬಿಡೋ ಹಾಗೂ ಇಲ್ಲ, ಇನ್ನೂ ಕೆಲವು ತಿಂಗಳು ಬೇಕಾಗುತ್ತೆ. ಕಾಳು, ಸೊಪ್ಪು ತಿನ್ನು. ತಿನ್ನೋರಾದ್ರೆ ಮೊಟ್ಟೆ, ಮಾಂಸಾನೂ ತಿನ್ನು. ಎಲ್ಲರ ಜೊತೆ ಕೂತು ಹೊಟ್ಟೆ ತುಂಬ ತಿನ್ನು, ಕೊನೇಲಿ ತಳ ಕೆರೆದು ತಿನ್ಬೇಡ."

ಅತ್ತೆ ಇಷ್ಟು ಹೊತ್ತು ಸುಮ್ಮನಿದ್ದದ್ದೇ ಹೆಚ್ಚು. "ಹಾಗಾದ್ರೆ ನಂಗೂ ಒಂದಷ್ಟು ಕೊಡು ನರ್ಸಮ್ಮ. ನಂಗೂ ಮಂಡಿ ನೋವು, ಸುಸ್ತು."

"ನಿಮ್ಮ ಅಂಗೈ ನೋಡಿದ್ದೀನಿ ದೊಡ್ಡಮ್ಮ, ಕೆಂಪಗಿದೆ. ಆದ್ರೂ ರಕ್ತ ಪರೀಕ್ಷೆ ಮಾಡಿಸಿ, ಆಮೇಲೆ ಮಾತು. ಸುಸ್ತೆಲ್ಲ ಕಬ್ಬಿಣದ ಕೊರತೆ ಅಲ್ಲ. ಬೇಡದೋರು ತಗೊಂಡ್ರೆ ಅದು ಮೈಯಲ್ಲಿ ಉಳಿದು ಕೆಟ್ಟದ್ದು ಮಾಡಬಹುದು. ಇವಳ ಮಾತ್ರೆ ಇವಳಿಗೇ."

ಅತ್ತೆ ಪರೀಕ್ಷೆ ಮಾಡಿಸಿದಳು. ಅವಳ ರಕ್ತ ಚೆನ್ನಾಗಿಯೇ ಇತ್ತು. ಅದನ್ನು ಬೀದಿಗೆಲ್ಲ ಸಾರಿಕೊಂಡು ಬಂದಳು. ಅಂದಿನಿಂದ ಸೊಸೆಯ ಊಟಕ್ಕೂ ಮಾತ್ರೆಗೂ ಅವಳೇ ಪಹರೆ. ಬೀಗದ ಕೈ ಅವಳ ಸೆರಗಿನ ತುದಿಗೆ. ಸೊಸೆ ಟೀ ಲೋಟ ಮುಟ್ಟಿದರೆ, "ಇನ್ನೂ ಹೊತ್ತಾಗಿಲ್ಲ, ಇಡು ಕೆಳಗೆ!" ಎಂದು ಗದರುತ್ತಿದ್ದಳು.

ಕಾಯುವುದು ಸುಲಭವಿರಲಿಲ್ಲ. ದಿನ ಕಳೆದ ಹಾಗೆ ಮೊದಲು ತಲೆಸುತ್ತು ಕಡಿಮೆಯಾಯಿತು. ಆಮೇಲೆ ಬಕೆಟ್ ಎತ್ತಿದರೆ ಎದೆ ಹೊಡೆದುಕೊಳ್ಳುವುದು ನಿಂತಿತು. ಮತ್ತೆ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಏರಿತ್ತು. ಆದರೂ ಅವಳು ತಿಗರಿ ಮುಟ್ಟಲಿಲ್ಲ. ಮತ್ತೆ ಮಗುಚಿದರೆ ತನ್ನ ಮನಸ್ಸು ತಡೆಯಲಾರದು ಎಂಬ ಭಯ.

ಮಳೆ ಬಂದು ಅಂಗಳದ ಮಣ್ಣಿನ ರಾಶಿ ನೆನೆದ ಒಂದು ಬೆಳಿಗ್ಗೆ, ಅವಳು ಅದನ್ನು ದಾಟಿ ನೀರು ತಂದಳು. ಒಳಗೆ ಬಂದ ಮೇಲೆ ಹೊಳೆಯಿತು: ಆ ವಾಸನೆ ಬಂದಿತ್ತು, ಬಾಯಲ್ಲಿ ನೀರೂರಿರಲಿಲ್ಲ. ತಿನ್ನುವ ಆಸೆ ಯಾವಾಗ ಬಿಟ್ಟುಹೋಯಿತೋ ಅವಳಿಗೇ ಗೊತ್ತಿಲ್ಲ. ಉಳಿದದ್ದು ಒಂದೇ ಆಸೆ. ಸೆರಗು ಸಿಕ್ಕಿಸಿ ತಿಗರಿಯ ಮುಂದೆ ಕೂತಳು.

ಗಂಡ ಉಸಿರು ಬಿಗಿಹಿಡಿದು ನಿಂತ. ಮಣ್ಣು ಎದ್ದಿತು. ಮೊಳ ದಾಟಿತು. ಅವಳ ತೋಳು ನಡುಗಲಿಲ್ಲ. ಗುಡಾಣದ ಹೊಟ್ಟೆ ತುಂಬಿಕೊಂಡಿತು, ಹೆಗಲು ಎರಡೂ ಕಡೆ ಸಮನಾಗಿ ಇಳಿಯಿತು. ಅವಳು ತಲೆಯೆತ್ತದೆ ಕೂಗಿದಳು.

"ನೀರು ಕೊಡ್ರೀ! ಏನು ನಿಂತು ನೋಡ್ತಿದೀರಾ?"

ಅವನು ನೀರಿನ ಬಟ್ಟಲು ಹಿಡಿದು ಬಂದ. ಕಣ್ಣು ತುಂಬಿದ್ದರಿಂದ ಅರ್ಧ ನೀರು ನೆಲಕ್ಕೇ ಹೋಯಿತು. "ಇನ್ನೂ ಬೈ," ಎಂದ. "ಎಷ್ಟು ದಿನ ಆಯ್ತು ನೀನು ಬೈದು."

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಈಗ ನಿಮ್ಮ ಮನೆಯ ಮಾತು. ಮೊದಲು ಹಾಡುತ್ತಿದ್ದವಳು, ಓಡುತ್ತಿದ್ದವಳು, ನಿಮ್ಮನ್ನು ಬೈಯುತ್ತಿದ್ದವಳು ಈಗ ಸುಮ್ಮನೆ ಗೋಡೆಗೆ ಒರಗಿ ಕೂರುತ್ತಾಳೆಯೇ? ಸೋಮಾರಿ ಎನ್ನಬೇಡಿ, ಇದ್ದದ್ದೇ ಎಂದೂ ಬಿಡಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿ. ಮಾತ್ರೆ ಬೇಕೆಂದು ವೈದ್ಯರು ಹೇಳಿದರೆ ಹೇಳಿದಷ್ಟೇ ಕೊಡಿ, ಹೇಳಿದಷ್ಟು ದಿನ ಕೊಡಿ, ಮಕ್ಕಳ ಕೈಗೆ ಎಟುಕದಂತೆ ಇಡಿ. ಮಗು ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿ. ಇಂದೇ ಅವಳ ಪಕ್ಕದಲ್ಲಿ ಕೂತು ಒಂದು ಮಾತು ಕೇಳಿ: "ನಿನಗೆ ಏನು ಮಾಡಬೇಕು ಅಂತ ಆಸೆ ಇದೆ? ಯಾಕೆ ಆಗ್ತಿಲ್ಲ?" ಅವಳು ಎಷ್ಟು ದಿನದಿಂದ ಆ ಪ್ರಶ್ನೆಗಾಗಿ ಕಾಯುತ್ತಿದ್ದಾಳೋ ನಿಮಗೆ ಗೊತ್ತಿಲ್ಲ.