ಸತ್ಯವ್ವ ಓದಿ ಹೇಳಿದ್ದು

ಬಟ್ಟು ಸರೀವಲ್ದು, ಓದೂಮುಂದ ಸತ್ಯವ್ವನ ಬಟ್ಟು ಸಾಲಿನ ಕೆಳಗ ಇರಿವಿ ಹಂಗ ಹರೀತಿರ್ತೈತಿ, ಇವತ್ತ ಒಂದ ಕಡೆ ನಿಂತಬಿಟ್ಟೈತಿ, ಬಾಯಿ ಮಾತ್ರ ಓದಾಕತ್ತೈತಿ — ನನಗ ಅಕ್ಷರ ಬರೂದಿಲ್ಲ ಖರೆ, ಕಣ್ಣೂ ಇಲ್ಲೇನು? ನಾ ರಾಟಿ ತಿರುವತೇನಿ, ಸೀರಿ ಸೆರಗಿನ ಕೆಂಪ ರೇಷ್ಮಿ ಕಂಡಕಿ ಕೊಳವಿಗೆ ಸುತಗೋತೈತಿ, ನಾದಿನಿ ಸತ್ಯವ್ವ ಓದತಾಳ, ಊಟ ಆದಮ್ಯಾಲೆ ದಿನಾ ಹಿಂಗ, ವಾಚನಾಲಯದಿಂದ ತಂದ ರಟ್ಟು ಹರಿದ ಹಳೇ ಕಾದಂಬರಿ, ದೇಸಾಯರ ವಾಡೇದ ಕಥಿ, ಏನ್ ಮಂದಿ ಯವ್ವಾ ಅವರು, ಒಬ್ಬರ ಬಾಯಾಗರೆ ಖರೆ ಮಾತು ಬರಬೇಕಲ್ಲ, ಹಿರ್ಯಾ ದೇಸಾಯಿ ದೇವರ ದೀಪಾ ಮುಟ್ಟಿ ಸುಳ್ಳ ಆಣಿ ಮಾಡಿ ತಮ್ಮನ ಹೊಲಾ ನುಂಗ್ಯಾನ, ಸೊಸಿ ಸತ್ತ ಅತ್ತಿ ಮೈಮ್ಯಾಲಿನ ಬಂಗಾರ ಬಿಚ್ಚಿಕೊಂಡು ಕಳವು ಆಳಿನ ಮ್ಯಾಲೆ ಹಾಕ್ಯಾಳ, ಮೊದಮೊದಲು ಸುಳ್ಳ ಹೇಳಿ ನಿದ್ದಿ ಬರ್ತಿದ್ದಿಲ್ಲ ಅವರಿಗೆ, ಈಗ ಸುಳ್ಳ ಹೇಳಿ ಎಲಿ ಅಡಿಕಿ ಹಾಕ್ಕೊಂಡು ಕುಂಡರತಾರ, ಥೂ ಇವರ ಮಾರಿಗಿಷ್ಟು — ಎಲ್ಲಾರಕಿಂತ ಸಣ್ಣ ದೇಸಾಯಿ, ಆ ಬೂಟಿನ ಸಾಹೇಬ, ಶುಕ್ರಾರ ಬರ್ತೇನಿ ಅಂತ ಹೆಂಡತಿಗೆ ಹೇಳಿ ಹೋದಾಂವ ಪ್ಯಾಟ್ಯಾಗ ನೀಲಾಂಬರಿ ಅನ್ನಾಕಿ ಮನ್ಯಾಗ ಕುಂತಾನ, ಹೆಂಡತಿ ಶುಕ್ರಾರ ಬಂತಂದ್ರ ತಲಿ ಬಾಚಕೊಂಡು ಹಾದಿ ನೋಡತಾಳ, ಹುಚ್ಚಿ, ಎಂಥಾ ಹುಚ್ಚಿ ಅಂತ ನಾ ನಗತಿದ್ದೆ.

ನಮ್ಮವರು ಪ್ರತಿ ದೀಪಾವಳಿಗೆ ಬರ್ತೇನಿ ಅಂದಿದ್ರು, ಎಮರ್ಜೆನ್ಸಿ ಬಂದ ವರ್ಷ ಸೊಲ್ಲಾಪುರ ಗಿರಣಿಗೆ ಹೋದಾವ್ರು, ಮೊದಲನೇ ದೀಪಾವಳಿಗೆ ಬಂದ್ರು, ಅಂಗಿ ತುಂಬ ಹತ್ತಿ ದೂಳು, ಎಣ್ಣಿ ವಾಸನಿ, ಆ ವಾಸನಿ ನನ್ನ ಕೌದಿಗೆ ಹತ್ತಿತ್ತು, ಬಿಡ್ರಿ ಅತ್ತಿ ನಾ ಒಗೀತೇನಿ ಅಂತಂದು ಒಗೀಲಾರದ ಹಂಗ ಇಟಗೊಂಡಿದ್ದೆ, ಆಮ್ಯಾಲೆ ಬರಲೇ ಇಲ್ಲ, ಹುನಗುಂದ ಬಸ್ಸು ಇಲಕಲ್ಲಿಗೆ ಬಂದ ಹಾರನ್ ಕೇಳಿದ್ರ ಇನ್ನೂ ನನ್ನ ಕೈ ತಾನ ಸೆರಗಿಗೆ ಹೋಗತೈತಿ — ಈಗ ಸತ್ಯವ್ವ ಓದತಾಳ, ಸಣ್ಣ ದೇಸಾಯಿ ತಿರುಗಿ ಬಂದಾ, ಹೊಸ್ತಿಲದಾಗ ನಿಂತಾ, ಒಂದು ಚಪ್ಪಲಿ ಬಿಟ್ಟು ಇನ್ನೊಂದು ಬಿಡೂದ ಮರತು ಹೆಂಡತಿ ಮಾರಿ ನೋಡಿಕೋತ ನೀರ ತಾ ಅಂದಾ — ಅಯ್ಯ, ಬೂಟಿನಾಂವಗ ಚಪ್ಪಲಿ ಎಲ್ಲಿಂದ ಬಂತು? ಹಂಗ ನಿಲ್ಲಾವ್ರು ನಮ್ಮವರು, ಒಂದು ಚಪ್ಪಲಿ ಹೊರಗ, ಒಂದು ಕಾಲಾಗ, ಇಕಿ ಪುಸ್ತಕ ಓದವಲ್ಲಳು, ತನ್ನ ಅಣ್ಣನ್ನ ತಂದು ವಾಡೇದ ಬಾಗಲಾಗ ನಿಲ್ಲಸ್ಯಾಳ, ಯಾಕ? — ಸೋಮಾರ ನಮ್ಮವರ ಜೋಡಿ ಗಿರಣ್ಯಾಗ ದುಡಿಯೋ ಹುಲ್ಲಪ್ಪ ಸೊಲ್ಲಾಪುರದಿಂದ ಬಂದಿದ್ದ, ಹಿತ್ತಲದಾಗ ಅತ್ತಿ, ಸತ್ಯವ್ವ, ಅಂವ, ಗುಸುಗುಸು, ನಾ ಹೋಗೂದಕ್ಕ ಅತ್ತಿ ಬದನಿಕಾಯಿ ಮಾತ ತಗದ್ರು, ಹಗಲೆಲ್ಲಾ ನನ್ನ ಮ್ಯಾಲೆ ಹರಿಹಾಯೋ ಅತ್ತಿ ಅವತ್ತಿನಿಂದ ಬಿಸಿರೊಟ್ಟಿ ಮೊದಲ ನನಗ ಹಾಕತಾರ, ನಮ್ಮ ಮನೀನೂ ವಾಡೆ ಆತಲ್ಲೋ ಶಿವನ, ರೊಟ್ಟಿಯಾಗೂ ಸುಳ್ಳ.

ಸತ್ಯವ್ವಾ, ಆಕಿ ಹೆಸರೇನ? ಯಾರ್ದು ವೈನಿ? ಅಂತಾಳ. ಅಂವ ಮನಿ ಬಿಟ್ಟು ಹೋಗಿ ಯಾರ ಹತ್ರ ಅದಾನೋ, ಆಕಿದು. ನೀಲಾಂಬರಿ ಅಂತ ನನಗ ಗೊತ್ತೈತಿ, ಆಕಿಗೂ ಗೊತ್ತೈತಿ, ತಿಂಗಳಿಂದ ಓದಾಕತ್ತಾಳ, ನೀಲಾಂಬರಿ ಅನ್ನವಾ, ನಿನ್ನ ಕಾಲ ಬೀಳತೇನಿ, ನೀಲಾಂಬರಿ ಅಂದಬಿಡು — ಸತ್ಯವ್ವ ಪುಸ್ತಕ ಮುಚ್ಚತಾಳ, ಕಣ್ಣಾಗ ನೀರ ತುಂಬಿ, ಶೇವಂತಾ, ಅಂತಾಳ.

ಶೇವಂತಾ. ವಾಡೇದ ಕಥಿಯಾಗ ಶೇವಂತಾ ಅನ್ನಾಕಿ ಯಾರೂ ಇಲ್ಲ. ಅಳಬ್ಯಾಡ, ನೀ ಯಾಕ ಅಳತೀ, ಪುಸ್ತಕ ತಗಿ, ಓದು ನನ ತಂಗಿ, ಅಂವ ಬಂದು ನಿಂತದ್ದು ಇನ್ನೊಮ್ಮೆ ಓದು, ಸುಳ್ಳಾದ್ರೂ ಓದು, ಹೊಸ್ತಿಲದಾಗ, ಒಂದು ಚಪ್ಪಲಿ ಬಿಟ್ಟು — ಒಂದು ಚಪ್ಪಲಿ —